ಒಂದಗುಳಿನ ಸಾಕ್ಷಿ

ಹೋದ ವರ್ಷ ತುಮಕೂರಿನಲ್ಲಿ ಒಂದು ಮದುವೆ. ಎಲೆಯ ತುದಿಗೆ ಉಪ್ಪು, ಉಪ್ಪಿನಕಾಯಿ ಬಿದ್ದು ಅನ್ನ ಬರುವುದರೊಳಗಿನ ಬಿಡುವಿನಲ್ಲಿ ಮಾತು ಕಾರಿನ ಕಡೆ ಹೊರಳಿತು. ನನ್ನ ಷಡ್ಡಕ ಹೊಸ ಕಾರು ಕೊಂಡು ಆಗ ಹದಿನಾಲ್ಕು ತಿಂಗಳು. ಅಷ್ಟರಲ್ಲಿ ಅದು ಒಂಬತ್ತು ಸಲ ಸರ್ವಿಸ್ ಸೆಂಟರ್ ಕಂಡಿತ್ತು. ಮೂರನೇ ಗೇರಿಗೆ ಹಾಕುವಾಗ ಕಿರ್ರೆನ್ನುವುದು; ಗೇರ್‌ಬಾಕ್ಸ್ ಇಳಿಸಿ ಏರಿಸಿದ ಮೇಲೂ ತಿಂಗಳೊಪ್ಪತ್ತಿನಲ್ಲಿ ಮತ್ತೆ ಅದೇ ಸದ್ದು. ಅವನು ಬಾಯಿಬಿಟ್ಟದ್ದೇ ತಡ, ಪಂಕ್ತಿಯ ಆ ತುದಿಯಿಂದ ನಮ್ಮ ದೊಡ್ಡಮಾವ ತೀರ್ಪು ಕೊಟ್ಟರು: “ಆ ಕಂಪನಿ ಗಾಡೀಲಿ ಹಂಗೆಲ್ಲ ಆಗಲ್ಲಪ್ಪ. ನೀನು ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸ್ತೀಯ ಅನ್ಸುತ್ತೆ.” ಅಕ್ಕಪಕ್ಕದವರು ಹೌದೆಂದು ತಲೆಯಾಡಿಸಿದರು. ಒಂಬತ್ತು ಜಾಬ್ ಕಾರ್ಡಿನ ಕಥೆ ಹೇಳಬೇಕೆಂದಿದ್ದವನು ಸುಮ್ಮನೆ ಹೋಳಿಗೆಗೆ ತುಪ್ಪ ಹಾಕಿಸಿಕೊಂಡ.

ಕಂಪನಿಯ ಹೆಸರು ಹೇಳುವುದಿಲ್ಲ. ಈ ಬರಹದಲ್ಲಿ ಮುಂದೆ ಬರುವ ಯಾವ ಕಂಪನಿಯೂ ಅದಲ್ಲ. ಆದರೆ ದೊಡ್ಡಮಾವನ ಮಾತು ನನ್ನ ತಲೆಯಲ್ಲಿ ಉಳಿಯಿತು. ಹೆಸರು ಕೆಟ್ಟ ಕಂಪನಿಯ ಕಾರು ಕೊಂಡು ಕೆಟ್ಟರೆ ಊರೇ ಮರುಗುತ್ತದೆ, ‘ಮೊದಲೇ ಹೇಳಿದ್ದೆವಲ್ಲ’ ಎನ್ನುತ್ತದೆ. ಒಳ್ಳೆಯ ಹೆಸರಿನ ಕಾರು ಕೊಂಡವನಿಗೆ ಆ ಅನುಕಂಪವೂ ಇಲ್ಲ. ಅವನ ಕಾರು ಕೆಟ್ಟರೆ ಕೆಟ್ಟದ್ದು ಅವನು.

ಅನ್ನ ಬೆಂದಿದೆಯೇ ಎಂದು ನೋಡಲು ನಮ್ಮಲ್ಲಿ ಒಂದು ಅಗುಳು ಹಿಸುಕುತ್ತಾರೆ. ಒಂದೇ ಪಾತ್ರೆ, ಒಂದೇ ನೀರು, ಒಂದೇ ಉರಿ. ಒಂದಗುಳು ಬೆಂದಿದ್ದರೆ ಮಿಕ್ಕದ್ದೂ ಬೆಂದಿರುತ್ತದೆ. ಕಾರಿನ ವಿಚಾರದಲ್ಲಿ ಎರಡೂ ಕಡೆಯವರು ಈ ಲೆಕ್ಕವನ್ನೇ ಹಿಡಿಯುತ್ತಾರೆ, ತಲೆಕೆಳಗಾಗಿ. ನೊಂದ ಮಾಲೀಕ ತನ್ನ ಒಂದಗುಳು ತೋರಿಸಿ ಪಾತ್ರೆಯೇ ಬೆಂದಿಲ್ಲ ಎನ್ನುತ್ತಾನೆ. ಕಂಪನಿಯೂ ದೊಡ್ಡಮಾವನೂ ಪಾತ್ರೆ ತೋರಿಸಿ, ಇದು ಬೆಂದಿದೆ, ಆದ್ದರಿಂದ ನಿನ್ನ ಅಗುಳೂ ಬೆಂದಿದೆ ಎನ್ನುತ್ತಾರೆ. ಅವನ ಬಾಯಿಗೆ ಸಿಕ್ಕಿದ್ದು ಬೇಯದ ಅಗುಳಲ್ಲ, ಕಲ್ಲು ಎಂಬುದು ಇಬ್ಬರ ಲೆಕ್ಕಕ್ಕೂ ಬರುವುದಿಲ್ಲ.

ಇದನ್ನು ಬಿಡಿಸಿ ನೋಡಲು ಟೊಯೋಟಾದಷ್ಟು ಒಳ್ಳೆಯ ಉದಾಹರಣೆ ಬೇರೆ ಇಲ್ಲ. ಕಾರು ಕೆಡುವುದಿಲ್ಲ ಎಂಬ ಮಾತಿಗೆ ಜಗತ್ತಿನಲ್ಲೆಲ್ಲ ಅದರ ಹೆಸರೇ ಪರ್ಯಾಯ. ಮೇಲಾಗಿ ಅದು ನಮ್ಮ ಪಕ್ಕದ ಮನೆ. ಮೈಸೂರು ರಸ್ತೆಯಲ್ಲಿ ತಟ್ಟೆ ಇಡ್ಲಿಗೆಂದು ಗಾಡಿ ನಿಲ್ಲಿಸುವ ಬಿಡದಿಯಲ್ಲೇ ಅದರ ಕಾರ್ಖಾನೆ. 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಹುಟ್ಟಿತು. 2000ದ ಆರಂಭದಲ್ಲಿ ಕ್ವಾಲಿಸ್ ಬಂತು. ಅಂದ ಚೆಂದವಿಲ್ಲದ ಪೆಟ್ಟಿಗೆಯಂಥ ಗಾಡಿ. ಇಂಡೋನೇಷ್ಯಾದಲ್ಲಿ ಕಿಜಾಂಗ್ ಎಂಬ ಹೆಸರಿನಲ್ಲಿ ಆಗಲೇ ಓಡಿ ಪಳಗಿದ್ದದ್ದನ್ನು ಇಲ್ಲಿಗೆ ತಂದಿದ್ದರು. ಬೆಂಗಳೂರಿನ ಕಾಲ್ ಸೆಂಟರ್‌ಗಳಿಗೆ ರಾತ್ರಿಯಿಡೀ ಹುಡುಗ ಹುಡುಗಿಯರನ್ನು ಹೊತ್ತು ತಿರುಗಿದ್ದು ಅದೇ. 2005ರಲ್ಲಿ ಅದು ಹೋಗಿ ಇನ್ನೋವಾ ಬಂತು. ಆಮೇಲಿನದನ್ನು ಯಾವ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಕೇಳಿದರೂ ಹೇಳುತ್ತಾರೆ: “ಆಯಿಲ್ ಬದಲಾಯಿಸ್ತಾ ಹೋಗಿ ಸಾರ್, ಐದು ಲಕ್ಷ ಕಿಲೋಮೀಟರ್ ಇಂಜಿನ್ ಬಿಚ್ಚೋ ಹಂಗಿಲ್ಲ.”

ನಮ್ಮಲ್ಲಿ ಕಾರುಗಳ ಸಮೀಕ್ಷೆ ನಡೆಸುವ ದೊಡ್ಡ ಸಂಸ್ಥೆಯೆಂದರೆ ಈ ಟ್ಯಾಕ್ಸಿ ಸ್ಟ್ಯಾಂಡೇ. ಅದರ ಮಾತನ್ನು ನಾನು ಹಗುರ ಮಾಡುವುದಿಲ್ಲ. ದಿನಕ್ಕೆ ಮುನ್ನೂರು ಕಿಲೋಮೀಟರ್ ಓಡಿಸಿ ಹೊಟ್ಟೆ ಹೊರೆಯುವವನಿಗಿಂತ ಗಾಡಿಯನ್ನು ಬಲ್ಲವರಾರು? ಆದರೂ ಆ ಸಾಕ್ಷಿಯಲ್ಲಿ ಎರಡು ತೂತುಗಳಿವೆ. ಐದು ಲಕ್ಷ ಓಡಿದ ಇನ್ನೋವಾ ಎಲ್ಲರ ಕಣ್ಣಿಗೂ ಬೀಳುತ್ತದೆ, ಅದರಲ್ಲಿ ಕೂತು ಧರ್ಮಸ್ಥಳಕ್ಕೆ ಹೋಗಿ ಬರುತ್ತೇವೆ. ಎರಡು ಲಕ್ಷಕ್ಕೇ ಮಲಗಿದ್ದು ಗುಜರಿಯಲ್ಲಿರುತ್ತದೆ. ಅದರಲ್ಲಿ ಯಾರೂ ಧರ್ಮಸ್ಥಳಕ್ಕೆ ಹೋಗುವುದಿಲ್ಲ. ಎರಡನೆಯದು ಇನ್ನೂ ಸೂಕ್ಷ್ಮ. ಈ ಗಾಡಿ ಬಾಳುತ್ತದೆ, ಮಾರುವಾಗ ಒಳ್ಳೆಯ ಬೆಲೆ ಬರುತ್ತದೆ ಎಂಬ ನಂಬಿಕೆ ಇದ್ದಾಗ ಮಾಲೀಕ ಅದರ ಆಯಿಲ್, ಫಿಲ್ಟರು, ಟೈಮಿಂಗ್ ಬೆಲ್ಟನ್ನು ಹೊತ್ತುಹೊತ್ತಿಗೆ ಬದಲಾಯಿಸುತ್ತಾನೆ. ಹಾಗೆ ನೋಡಿಕೊಂಡದ್ದರಿಂದ ಬಾಳುತ್ತದೆ. ಬಾಳಿದ್ದರಿಂದ ನಂಬಿಕೆ ಗಟ್ಟಿಯಾಗುತ್ತದೆ. ‘ಇದು ಹೇಗಿದ್ದರೂ ಕೆಡುವ ಗಾಡಿ’ ಎಂದು ಹೆಸರಾದ ಕಾರಿಗೆ ಮೂರನೇ ವರ್ಷದಿಂದ ಯಾರೂ ದುಡ್ಡು ಹಾಕುವುದಿಲ್ಲ, ಅದು ಮಾತಿಗೆ ತಕ್ಕಂತೆ ಕೆಡುತ್ತದೆ.

ಹಾಗೆಂದು ಟೊಯೋಟಾದ ಹೆಸರು ಗಾಳಿಮಾತಿನಿಂದ ಹುಟ್ಟಿದ್ದಲ್ಲ. ಅದು ಸೋಲಿನಿಂದ ಹುಟ್ಟಿದ್ದು. 1958ರಲ್ಲಿ ಅವರು ಅಮೆರಿಕದಲ್ಲಿ ಮಾರತೊಡಗಿದ ಮೊದಲ ಕಾರು ಟೊಯೋಪೆಟ್ ಕ್ರೌನ್. ಜಪಾನಿನ ಗುಂಡಿ ಬಿದ್ದ ರಸ್ತೆಗಳಿಗೆ ಗಟ್ಟಿಮುಟ್ಟಾಗಿ ಕಟ್ಟಿದ ಭಾರದ ಗಾಡಿ ಅದು. ಅಮೆರಿಕದ ಹೆದ್ದಾರಿಯಲ್ಲಿ ವೇಗ ಹಿಡಿದರೆ ಏದುಸಿರು ಬಿಡುತ್ತಿತ್ತು, ಇಂಜಿನ್ ಕಾಯುತ್ತಿತ್ತು. ಎರಡು ಮೂರು ವರ್ಷದಲ್ಲೇ ಅಲ್ಲಿ ಅದರ ಮಾರಾಟ ನಿಲ್ಲಿಸಬೇಕಾಯಿತು. 1965ರಲ್ಲಿ ಅದೇ ಕಂಪನಿ ಗುಣಮಟ್ಟಕ್ಕಾಗಿ ಜಪಾನಿನ ಡೆಮಿಂಗ್ ಪ್ರಶಸ್ತಿ ಪಡೆಯಿತು.

ಇದರ ಬೇರು ಇನ್ನೂ ಹಿಂದೆ ಮಗ್ಗದಲ್ಲಿದೆ. ಸಂಸ್ಥಾಪಕರ ತಂದೆ ಸಕಿಚಿ ಟೊಯೋಡಾ 1924ರಲ್ಲಿ ಪೂರ್ಣರೂಪಕ್ಕೆ ತಂದ ಸ್ವಯಂಚಾಲಿತ ಮಗ್ಗದ ಮುಖ್ಯ ಗುಣವೆಂದರೆ ನೂಲು ಹರಿದ ಕೂಡಲೇ ತಾನಾಗಿ ನಿಲ್ಲುವುದು. ಹರಿದ ನೂಲಿನ ಮೇಲೆ ಗಜಗಟ್ಟಲೆ ಬಟ್ಟೆ ನೇಯ್ದು ಆಮೇಲೆ ತಪ್ಪು ಹುಡುಕುವ ಪಾಡಿಲ್ಲ. ಕಾರಿನ ಕಾರ್ಖಾನೆಗೆ ಇದೇ ತತ್ವವನ್ನು ತಂದಾಗ, ಸಾಲಿನಲ್ಲಿ ನಿಂತ ಸಾಮಾನ್ಯ ಕಾರ್ಮಿಕನಿಗೂ ಒಂದು ಹಗ್ಗ ಎಳೆದು ಕೆಲಸ ನಿಲ್ಲಿಸುವ ಅಧಿಕಾರ ಬಂತು. ಜೊತೆಗೆ ಇನ್ನೊಂದು ಸ್ವಭಾವವೂ ಸೇರಿತು: ಹೊಸದಕ್ಕೆ ಹಾತೊರೆಯದಿರುವುದು. ಒಂದು ಇಂಜಿನ್ನು, ಒಂದು ಗೇರ್‌ಬಾಕ್ಸು ಚೆನ್ನಾಗಿದ್ದರೆ ವರ್ಷಗಟ್ಟಲೆ ಅದನ್ನೇ ಅಷ್ಟಿಷ್ಟು ತಿದ್ದುತ್ತ ಹೋಗುವುದು. ಮಗ್ಗುಲ ಕಂಪನಿಯ ಕಾರಿನಲ್ಲಿ ಹತ್ತು ಹೊಸ ಸೌಲಭ್ಯ ಬಂದಾಗ ಇವರದರಲ್ಲಿ ಎರಡು ಬರುತ್ತದೆ, ಅದೂ ತಡವಾಗಿ. ಖರೀದಿದಾರ ಗೊಣಗುತ್ತಾನೆ. ಆದರೆ ಕಾರಿನಲ್ಲಿ ಇಲ್ಲದ ಸಾಮಾನು ಕೆಡುವುದಿಲ್ಲವಷ್ಟೆ.

ಈಗ ಲೆಕ್ಕಕ್ಕೆ ಬರೋಣ. ಅಮೆರಿಕದಲ್ಲಿ ಜೆ.ಡಿ. ಪವರ್ ಎಂಬ ಸಂಸ್ಥೆ ಪ್ರತಿವರ್ಷ ಮೂರು ವರ್ಷ ಹಳೆಯ ಕಾರುಗಳ ಮೊದಲ ಮಾಲೀಕರನ್ನು ಹಿಂದಿನ ಹನ್ನೆರಡು ತಿಂಗಳಲ್ಲಿ ಕಂಡ ತೊಂದರೆಗಳೇನು ಎಂದು ಕೇಳುತ್ತದೆ. ಉತ್ತರಗಳನ್ನು ಕೂಡಿಸಿ ನೂರು ಕಾರಿಗೆ ಎಷ್ಟು ತೊಂದರೆ ಎಂದು ಹೇಳುತ್ತದೆ. 2024ರ ಎಣಿಕೆಯಲ್ಲಿ ಟೊಯೋಟಾದ್ದೇ ದುಬಾರಿ ಬ್ರ್ಯಾಂಡ್ ಲೆಕ್ಸಸ್ 135 ಅಂಕದೊಡನೆ ಎಲ್ಲರಿಗಿಂತ ಮೇಲಿತ್ತು. ಸಾಮಾನ್ಯ ಬ್ರ್ಯಾಂಡುಗಳ ಪೈಕಿ 147ರೊಡನೆ ಟೊಯೋಟಾ ಮೊದಲು. ಇಡೀ ಉದ್ಯಮದ ಸರಾಸರಿ 190.

147 ಎಂಬ ಅಂಕಿಯನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ. ತರಗತಿಗೇ ಮೊದಲು ಬಂದ ಹುಡುಗನ ಅಂಕಪಟ್ಟಿ ಇದು. ಒಂದೊಂದು ಕಾರಿಗೆ ಹತ್ತಿರ ಹತ್ತಿರ ಒಂದೂವರೆ ತೊಂದರೆ! ಇದರಲ್ಲಿ ಫೋನು ಕಾರಿನ ಪರದೆಗೆ ಸರಿಯಾಗಿ ಹೊಂದಿಕೊಳ್ಳದ್ದೂ, ಹೇಳಿದ ಮಾತು ಅದಕ್ಕೆ ಅರ್ಥವಾಗದ್ದೂ ಸೇರುತ್ತವೆ. ದೂರುಗಳಲ್ಲಿ ದೊಡ್ಡ ಪಾಲು ಈಗ ಅಂಥದ್ದೇ. ಗೇರ್‌ಬಾಕ್ಸ್ ಒಡೆದದ್ದೂ ಒಂದು, ಬ್ಲೂಟೂತ್ ಕೈಕೊಟ್ಟದ್ದೂ ಒಂದು ಎಂದು ಎಣಿಸುವ ಪಟ್ಟಿಯಿದು. 1936ರಿಂದಿರುವ ಅಲ್ಲಿನ ಗ್ರಾಹಕ ಸಂಸ್ಥೆ ಕನ್ಸ್ಯೂಮರ್ ರಿಪೋರ್ಟ್ಸ್ ತನ್ನ ಸದಸ್ಯರನ್ನು ಕೇಳಿ ಬೇರೆಯೇ ಪಟ್ಟಿ ಮಾಡುತ್ತದೆ. ಅದರಲ್ಲಿ ಇಂಜಿನ್, ಗೇರ್‌ಬಾಕ್ಸಿನಂಥ ದೊಡ್ಡ ಕಾಯಿಲೆಗೆ ಹೆಚ್ಚು ತೂಕ. ಅಲ್ಲಿಯೂ ಟೊಯೋಟಾ, ಲೆಕ್ಸಸ್ ಸಾಮಾನ್ಯವಾಗಿ ಮೇಲಿನ ಸಾಲಿನಲ್ಲೇ ಇರುತ್ತವೆ.

ಒಂದು ಸಣ್ಣ ಗಣಿತ ಮಾಡಿದೆ. ತೊಂದರೆಗಳು ಕಾರುಗಳ ಮೇಲೆ ಬರೀ ಅದೃಷ್ಟದ ಮೇಲೆ ಚೆಲ್ಲಿಬಿದ್ದಿವೆ ಎಂದುಕೊಳ್ಳೋಣ. ಸರಾಸರಿ 1.47 ಇರುವಾಗ ನೂರರಲ್ಲಿ 23 ಕಾರುಗಳಿಗೆ ಒಂದು ತೊಂದರೆಯೂ ಇರುವುದಿಲ್ಲ. ಐದು ಅಥವಾ ಅದಕ್ಕಿಂತ ಹೆಚ್ಚು ತೊಂದರೆಯ ಕಾರು ನೂರಕ್ಕೆ ಎರಡಕ್ಕಿಂತ ಕಡಿಮೆ. ಸರಾಸರಿ 1.9 ಇರುವ ಮಾಮೂಲಿ ಬ್ರ್ಯಾಂಡಿನಲ್ಲಿ ಒಂದೂ ತೊಂದರೆಯಿಲ್ಲದವು 15, ಐದು ಅಥವಾ ಹೆಚ್ಚಿನವು ನಾಲ್ಕೂ ಚಿಲ್ಲರೆ. ಅಂದರೆ ಒಳ್ಳೆಯ ಹೆಸರು ಮಾಡಿದ ಕೆಲಸ ಇಷ್ಟು: ಕಲ್ಲು ಸಿಗುವ ಸಂಭವವನ್ನು ನೂರಕ್ಕೆ ನಾಲ್ಕರಿಂದ ಎರಡಕ್ಕೆ ಇಳಿಸಿತು. ಇದು ಚಿಕ್ಕ ಸಾಧನೆಯಲ್ಲ. ಕಾರು ಕೊಳ್ಳಲು ಹೊರಟವರಿಗೆ ನಾನೂ ಪಟ್ಟಿಯಲ್ಲಿ ಮೇಲಿರುವುದನ್ನೇ ನೋಡಿ ಎನ್ನುತ್ತೇನೆ. ಆದರೆ ವರ್ಷಕ್ಕೆ 3 ಲಕ್ಷ ಕಾರು ಮಾರುವ ಕಂಪನಿಯೊಂದಿದ್ದು, ಅದರಲ್ಲಿ ನೂರಕ್ಕೆ 1.7 ಕಾರು ಹೀಗೆ ಎಂದಿಟ್ಟುಕೊಂಡರೆ 5,100 ಮನೆಗಳಾದವು. ಅಮೆರಿಕದ ಅಂಕಿಯನ್ನು ನಮ್ಮ ರಸ್ತೆಗೆ ಹಾಗೇ ತಂದು ಹಚ್ಚುವಂತಿಲ್ಲ, ಅಂದಾಜಿಗೆ ಹೇಳಿದೆ. ಆ ಐದು ಸಾವಿರ ಜನ ಒಬ್ಬರೂ ಸುಳ್ಳು ಹೇಳುತ್ತಿಲ್ಲ. ಪಟ್ಟಿಯೂ ಸುಳ್ಳು ಹೇಳುತ್ತಿಲ್ಲ.

ಹೆಸರು ಮತ್ತು ಕಬ್ಬಿಣದ ನಡುವೆ ಎಷ್ಟು ದೂರವಿರಬಹುದು ಎಂಬುದಕ್ಕೆ ಒಂದು ಹಳೆಯ ಪ್ರಯೋಗವಿದೆ. ಅದನ್ನು ಪ್ರಯೋಗವೆಂದು ಯಾರೂ ಮಾಡಲಿಲ್ಲ, ತಾನಾಗಿ ಆಯಿತು. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ 1984ರಿಂದ ಟೊಯೋಟಾ ಮತ್ತು ಜನರಲ್ ಮೋಟರ್ಸ್ ಕೂಡಿ ಒಂದು ಕಾರ್ಖಾನೆ ನಡೆಸಿದವು. ಅಲ್ಲಿ ಒಂದೇ ವಿನ್ಯಾಸದ ಕಾರು ಎರಡು ಹೆಸರಿನಲ್ಲಿ ಹೊರಬರುತ್ತಿತ್ತು, ಒಂದು ಟೊಯೋಟಾ ಕೊರೊಲ್ಲಾ, ಇನ್ನೊಂದು ಜಿಯೋ ಪ್ರಿಜ್ಮ್. ಅದೇ ಇಂಜಿನ್, ಅದೇ ಕೈಗಳು. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಮಾತ್ರ ಕೊರೊಲ್ಲಾಕ್ಕೆ ಹೆಚ್ಚು ಬೆಲೆ. ಪ್ರಿಜ್ಮ್ ಕೊಂಡ ಜಾಣ ಕಡಿಮೆ ದುಡ್ಡಿಗೆ ಕೊರೊಲ್ಲಾವನ್ನೇ ಓಡಿಸಿದ.

ಆ ಪ್ರಯೋಗ ಈಗ ನಮ್ಮೂರಿನಲ್ಲಿ ನಡೆಯುತ್ತಿದೆ. 2019ರಲ್ಲಿ ಬಂದ ಟೊಯೋಟಾ ಗ್ಲಾಂಜಾ ಮಾರುತಿ ಬಲೆನೊ ಕಾರೇ. ಸುಜುಕಿ ಕಟ್ಟಿದ್ದು, ಟೊಯೋಟಾ ಲಾಂಛನ ಹಚ್ಚಿದ್ದು. 2022ರಲ್ಲಿ ಬಂದ ಮಾರುತಿ ಗ್ರ್ಯಾಂಡ್ ವಿಟಾರಾ ಮತ್ತು ಟೊಯೋಟಾ ಹೈರೈಡರ್ ಎರಡನ್ನೂ ಬಿಡದಿಯಲ್ಲೇ ಕಟ್ಟತೊಡಗಿದರು. ಇದರಲ್ಲಿ ನನಗೆ ಮಜಾ ಎನಿಸಿದ್ದು ವಾರಂಟಿ. ಗ್ಲಾಂಜಾ ಬಂದಾಗ ಟೊಯೋಟಾ ಅದಕ್ಕೆ ಕೊಟ್ಟ ವಾರಂಟಿ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್. ಬಲೆನೊಗೆ ಆಗ ಇದ್ದದ್ದು 2 ವರ್ಷ ಅಥವಾ 40 ಸಾವಿರ ಕಿಲೋಮೀಟರ್. ಅದೇ ಇಂಜಿನ್ ಒಂದು ಬಾನೆಟ್ಟಿನ ಕೆಳಗೆ 1 ಲಕ್ಷ ಕಿಲೋಮೀಟರ್ ನಂಬಿಕಸ್ಥ, ಇನ್ನೊಂದರ ಕೆಳಗೆ 40 ಸಾವಿರಕ್ಕೆ ಮಾತ್ರ! ಮಾರುತಿಯೂ ಈಚೆಗೆ ತನ್ನ ವಾರಂಟಿಯನ್ನು 3 ವರ್ಷಕ್ಕೆ ಏರಿಸಿದೆ. ಇಂಜಿನ್ ಬದಲಾಯಿಸದೆಯೂ ಹೆಸರು ಮಾಡಬಲ್ಲ ಕೆಲಸಗಳಲ್ಲಿ ಇದೊಂದು, ಮತ್ತು ಗ್ರಾಹಕನಿಗೆ ನಿಜಕ್ಕೂ ಉಪಯೋಗಕ್ಕೆ ಬರುವ ಕೆಲಸ.

ಇನ್ನು ಹೆಸರಿನ ಕೆಡುಕಿನ ಮುಖ. ಹೆಸರನ್ನು ಊರು ನಂಬಿದರೆ ಅಷ್ಟು ಕಷ್ಟವಿಲ್ಲ, ಕಂಪನಿಯೇ ನಂಬಿಬಿಟ್ಟರೆ ಕಷ್ಟ. ‘ನಮ್ಮ ಗಾಡಿಯಲ್ಲಿ ಹಾಗೆ ಬರುವುದಿಲ್ಲ’ ಎಂದು ಕೌಂಟರಿನ ಹುಡುಗ ಹೇಳಿದರೆ ಅವನು ಮೋಸ ಮಾಡುತ್ತಿದ್ದಾನೆ ಎಂದೇನಲ್ಲ. ನೂರರಲ್ಲಿ ತೊಂಬತ್ತೆಂಟು ಸಲ ಅದು ನಿಜವಾಗಿದೆ, ಆದ್ದರಿಂದ ತೊಂಬತ್ತೊಂಬತ್ತನೆಯವನ ಮಾತು ಅವನ ಕಿವಿಗೆ ಹೋಗುವುದಿಲ್ಲ.

ಕ್ಯಾಮ್ರಿಯ ಕಥೆ ಹೀಗೆ. 2007ರಿಂದ 2009ರ ಸುಮಾರಿನ ಅದರ 2.4 ಲೀಟರ್ ಇಂಜಿನ್ ಆಯಿಲ್ ಕುಡಿಯುತ್ತದೆ ಎಂದು ಅಮೆರಿಕದ ಮಾಲೀಕರು ದೂರತೊಡಗಿದರು. ಹೊಗೆಯಿಲ್ಲ, ಸೋರಿಕೆಯಿಲ್ಲ, ಆದರೆ ಡಿಪ್‌ಸ್ಟಿಕ್ ಎಳೆದು ನೋಡಿದರೆ ಒಣಗಿದೆ. ಕಂಪನಿ ಡೀಲರುಗಳಿಗೆ ಕಳಿಸಿದ ಸೂಚನೆಯ ಪ್ರಕಾರ 1,200 ಮೈಲಿಗೆ, ಅಂದರೆ ಸುಮಾರು 1,900 ಕಿಲೋಮೀಟರಿಗೆ, ಒಂದು ಕ್ವಾರ್ಟಿಗಿಂತ (ಒಂದು ಲೀಟರಿಗೆ ತುಸು ಕಡಿಮೆ) ಹೆಚ್ಚು ಆಯಿಲ್ ಹೋದರೆ ಮಾತ್ರ ಅದು ದೋಷ. ಅದಕ್ಕಿಂತ ಒಂದು ಲೋಟ ಕಡಿಮೆ ಹೋಯಿತೋ, ಗಾಡಿ ಸರಿಯಾಗಿದೆ, ಮನೆಗೆ ಹೋಗಿ. ಕೊನೆಗೆ ದೋಷ ಪಿಸ್ಟನ್ ಮತ್ತು ರಿಂಗುಗಳದ್ದು ಎಂದು ಒಪ್ಪಿ, ಆ ಭಾಗಕ್ಕೆ ವಾರಂಟಿಯನ್ನು 10 ವರ್ಷ ಅಥವಾ 1.5 ಲಕ್ಷ ಮೈಲಿಗೆ ಹಿಗ್ಗಿಸುವ ಹೊತ್ತಿಗೆ ಎಷ್ಟೋ ಮಂದಿ ಡಿಕ್ಕಿಯಲ್ಲಿ ಆಯಿಲ್ ಡಬ್ಬ ಇಟ್ಟುಕೊಂಡು ಓಡಾಡುವುದಕ್ಕೆ ಒಗ್ಗಿಹೋಗಿದ್ದರು.

ಟಕೋಮಾ ಪಿಕಪ್‌ನದು ಇನ್ನೂ ಕಣ್ಣಿಗೆ ಹೊಡೆಯುವಂಥದ್ದು. ಅಮೆರಿಕದ ಚಳಿ ಪ್ರಾಂತ್ಯಗಳಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪಿಗೆ ಟಕೋಮಾದ ಚಾಸಿಯೇ ತುಕ್ಕು ಹಿಡಿದು ತೂತು ಬೀಳತೊಡಗಿತು, ಲೇಪನ ಸಾಲದಾಗಿತ್ತು. (ಮಂಗಳೂರು, ಕಾರವಾರದ ಕಡೆಯವರಿಗೆ ಉಪ್ಪುಗಾಳಿ ಮತ್ತು ಕಬ್ಬಿಣದ ನಂಟನ್ನು ಯಾರೂ ವಿವರಿಸಬೇಕಿಲ್ಲ.) ಇಂಜಿನ್ ಇನ್ನೂ ಗುಂಡುಕಲ್ಲಿನಂತಿದೆ, ಅದನ್ನು ಹೊತ್ತ ಎಲುಬು ಪುಡಿಯಾಗುತ್ತಿದೆ! 2008ರಲ್ಲಿ ಕಂಪನಿ 1995ರಿಂದ 2000ದವರೆಗಿನ ಗಾಡಿಗಳಲ್ಲಿ ತೀರ ಕೆಟ್ಟವನ್ನು ಮಾರುಕಟ್ಟೆ ಬೆಲೆಯ ಒಂದೂವರೆ ಪಟ್ಟು ಕೊಟ್ಟು ವಾಪಸ್ ಕೊಂಡಿತು. ಆಮೇಲಿನ ಗಾಡಿಗಳ ಮೇಲೂ ಮೊಕದ್ದಮೆ ನಡೆದು 2016ರಲ್ಲಿ ರಾಜಿಯಾಯಿತು. ಸುಮಾರು 15 ಲಕ್ಷ ವಾಹನಗಳ ತಪಾಸಣೆ, ಬೇಕಾದಲ್ಲಿ ಹೊಸ ಚಾಸಿ. ಒಟ್ಟು ವೆಚ್ಚ 340 ಕೋಟಿ ಡಾಲರ್‌ವರೆಗೆ ಹೋಗಬಹುದೆಂಬ ಅಂದಾಜಿತ್ತು. ದುಡ್ಡು ಬಿಚ್ಚಿದ್ದಕ್ಕೆ ಮೆಚ್ಚಬೇಕು. ಅಷ್ಟು ಬಿಚ್ಚಲು ಎಷ್ಟು ವರ್ಷ ಹಿಡಿಯಿತು ಎಂಬುದನ್ನೂ ಮರೆಯಬಾರದು.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು 2009–10ರಲ್ಲಿ. ಕಾರು ತಾನಾಗಿ ವೇಗ ಹಿಡಿಯುತ್ತದೆ, ಬ್ರೇಕ್ ಹಾಕಿದರೂ ನಿಲ್ಲುವುದಿಲ್ಲ ಎಂಬ ದೂರುಗಳು. ಕ್ಯಾಲಿಫೋರ್ನಿಯಾದಲ್ಲಿ ಒಂದು ಕುಟುಂಬವೇ ಸತ್ತ ಮೇಲೆ ಇದು ದೇಶದ ಸುದ್ದಿಯಾಯಿತು. ನೆಲಹಾಸು ಆಕ್ಸಿಲರೇಟರ್ ಪೆಡಲ್‌ಗೆ ಸಿಕ್ಕಿಕೊಳ್ಳುವುದು ಒಂದು ಕಾರಣ, ಪೆಡಲ್ಲೇ ಅಂಟಿಕೊಳ್ಳುವುದು ಇನ್ನೊಂದು. ಲಕ್ಷಗಟ್ಟಲೆ ವಾಹನಗಳನ್ನು ವಾಪಸ್ ಕರೆದರು. 2010ರ ಜನವರಿಯಲ್ಲಿ ಅಮೆರಿಕದಲ್ಲಿ ಎಂಟು ಮಾದರಿಗಳ ಮಾರಾಟವನ್ನೇ ನಿಲ್ಲಿಸಿದರು. ಫೆಬ್ರವರಿ 24ರಂದು ಅಧ್ಯಕ್ಷ ಅಕಿಯೊ ಟೊಯೋಡಾ ಅಲ್ಲಿನ ಸಂಸತ್ ಸಮಿತಿಯ ಮುಂದೆ ಕೂತು ಕ್ಷಮೆ ಕೇಳಿದರು. ಮೊದಲು ಸುರಕ್ಷೆ, ಆಮೇಲೆ ಗುಣಮಟ್ಟ, ಕೊನೆಗೆ ಸಂಖ್ಯೆ ಎಂಬ ನಮ್ಮ ಕ್ರಮ ಬೆಳೆಯುವ ಅವಸರದಲ್ಲಿ ಕಲಸಿಹೋಯಿತು ಎಂಬ ಅರ್ಥದ ಮಾತು ಆಡಿದರು.

ಈ ಪ್ರಕರಣದ ಮುಂದಿನ ಭಾಗ ಯಾರ ವಾದಕ್ಕೂ ಪೂರಾ ಒಗ್ಗುವುದಿಲ್ಲ. ಎಲೆಕ್ಟ್ರಾನಿಕ್ಸ್‌ನಲ್ಲೇ ಭೂತ ಹೊಕ್ಕಿದೆ ಎಂದು ಮಾಲೀಕರು ಹೇಳಿದ್ದರು. ಸರ್ಕಾರ ನಾಸಾದ ಇಂಜಿನಿಯರುಗಳನ್ನೇ ಕರೆಸಿತು. ಅಪಾಯಕರ ವೇಗಕ್ಕೆ ಎಲೆಕ್ಟ್ರಾನಿಕ್ ಕಾರಣ ಸಿಗಲಿಲ್ಲ ಎಂದು 2011ರಲ್ಲಿ ವರದಿ ಬಂತು. ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ಒತ್ತಿದ ಪ್ರಕರಣಗಳೂ ಸಾಕಷ್ಟಿದ್ದವು. ಅಲ್ಲಿಗೆ ಕಂಪನಿ ಗೆದ್ದಿತೇ? 2013ರಲ್ಲಿ ಒಕ್ಲಹೋಮಾದ ಜ್ಯೂರಿಯೊಂದು ತಂತ್ರಾಂಶ ಪರಿಣತರ ಸಾಕ್ಷಿ ಕೇಳಿ ಟೊಯೋಟಾ ವಿರುದ್ಧ ನಿಂತಿತು. 2014ರ ಮಾರ್ಚಿನಲ್ಲಿ, ನೆಲಹಾಸು ಮತ್ತು ಪೆಡಲ್ ದೋಷದ ಬಗ್ಗೆ ಜನರಿಗೆ ದಾರಿ ತಪ್ಪಿಸುವ ಮಾಹಿತಿ ಕೊಟ್ಟದ್ದನ್ನು ಒಪ್ಪಿಕೊಂಡು ಕಂಪನಿ ಅಮೆರಿಕ ಸರ್ಕಾರಕ್ಕೆ 120 ಕೋಟಿ ಡಾಲರ್ ದಂಡ ಕಟ್ಟಿತು. ಮಾಲೀಕರು ಹೇಳಿದ ಕಾರಣ ಬಹುಪಾಲು ತಪ್ಪಿರಬಹುದು. ಅವರು ಹೇಳಿದ ಸಂಕಟ ತಪ್ಪಾಗಿರಲಿಲ್ಲ. ಮೈ ಕಾಯ್ದವನು ತನಗೆ ಟೈಫಾಯ್ಡ್ ಎಂದು ತಪ್ಪಾಗಿ ಹೇಳಿದರೆ ಜ್ವರವೇನೂ ಸುಳ್ಳಾಗುವುದಿಲ್ಲ.

ಆಸ್ಟ್ರೇಲಿಯಾದ ಒಂದು ಮೊಕದ್ದಮೆ ನಮಗೆ ಇನ್ನೂ ಹತ್ತಿರದ್ದು, ಅದರ ಇಂಜಿನ್ ನಮ್ಮ ಇನ್ನೋವಾ ಕ್ರಿಸ್ಟಾ ಮತ್ತು ಫಾರ್ಚುನರ್‌ನ ಕುಟುಂಬದ್ದೇ ಆದ್ದರಿಂದ. 2015ರಿಂದ 2020ರ ನಡುವೆ ಅಲ್ಲಿ ಮಾರಿದ ಡೀಸೆಲ್ ಹೈಲಕ್ಸ್, ಫಾರ್ಚುನರ್, ಪ್ರಾಡೊಗಳಲ್ಲಿ ಹೊಗೆಯ ಮಸಿ ಹಿಡಿದಿಡುವ ಫಿಲ್ಟರ್ ಇತ್ತು. ಆ ಮಸಿಯನ್ನು ಇಂಜಿನ್ ಆಗಾಗ ಸುಟ್ಟು ಶುದ್ಧ ಮಾಡಿಕೊಳ್ಳಬೇಕು. ಗಂಟೆಗೆ 100 ಕಿಲೋಮೀಟರ್ ಆಸುಪಾಸಿನಲ್ಲಿ ಎಡೆಬಿಡದೆ ಓಡಿಸಿದರೆ ಅದು ಸರಿಯಾಗಿ ಆಗುತ್ತಿರಲಿಲ್ಲ. ಬಿಳಿ ಹೊಗೆ, ನಾತ, ಹೆಚ್ಚು ಡೀಸೆಲ್, ಪದೇಪದೇ ಗ್ಯಾರೇಜು. ಆಸ್ಟ್ರೇಲಿಯಾದಂಥ ದೇಶದಲ್ಲಿ ಹೆದ್ದಾರಿಯಲ್ಲಿ 100ರಲ್ಲಿ ಓಡಿಸಬಾರದು ಎಂದರೆ ಮತ್ತೆಲ್ಲಿ ಓಡಿಸುವುದು?

2022ರಲ್ಲಿ ಅಲ್ಲಿನ ಫೆಡರಲ್ ಕೋರ್ಟ್ ಒಂದು ಹೊಸ ಕೋನ ಹಿಡಿಯಿತು. 2.6 ಲಕ್ಷಕ್ಕೂ ಹೆಚ್ಚು ಗಾಡಿಗಳಲ್ಲಿ ಹೊಗೆ ಕಂಡವು ಕೆಲವು ಮಾತ್ರ. ಆದರೆ ದೋಷ ವಿನ್ಯಾಸದಲ್ಲೇ ಇರುವುದರಿಂದ, ಹೊಗೆ ಬಂದಿರಲಿ ಬಿಡಲಿ, ಪ್ರತಿಯೊಬ್ಬ ಖರೀದಿದಾರನೂ ಗಾಡಿಗೆ ಅದರ ಯೋಗ್ಯತೆಗಿಂತ ಹೆಚ್ಚು ಕೊಟ್ಟಿದ್ದಾನೆ. ಆ ಹೆಚ್ಚುವರಿ ನೂರಕ್ಕೆ 17.5 ಎಂದಿತು. ಮೇಲ್ಮನವಿಯಲ್ಲಿ ಅದು ನೂರಕ್ಕೆ 10ಕ್ಕೆ ಇಳಿಯಿತು; 2024ರ ನವೆಂಬರಿನಲ್ಲಿ ಹೈಕೋರ್ಟ್ ಲೆಕ್ಕವನ್ನು ಮತ್ತೆ ನೋಡಿ ಎಂದು ಕೆಳಗೆ ಕಳಿಸಿತು. ಮೊತ್ತ ಏನೇ ಆಗಲಿ, ನ್ಯಾಯಾಲಯದ ಆ ಮೊದಲ ಯೋಚನೆ ನನಗೆ ಹಿಡಿಸಿತು. ಕಲ್ಲು ಕಡಿದವನೊಬ್ಬನದೇ ನಷ್ಟವಲ್ಲ, ಅದೇ ಅಕ್ಕಿಯನ್ನು ಶುದ್ಧ ಸೋನಾಮಸೂರಿಯ ಬೆಲೆಗೆ ಕೊಂಡ ಎಲ್ಲರದೂ ಎಂದಂತಾಯಿತು. ಹೆಸರಿಗೆಂದು ನಾವು ಕೊಡುವ ಹೆಚ್ಚುವರಿ ದುಡ್ಡಿಗೆ ಒಂದು ನ್ಯಾಯಾಲಯ ಶೇಕಡಾವಾರು ಅಂಕಿ ಹಾಕಿ ತೋರಿಸಿದ್ದು ಅಪರೂಪ.

ಹೆಸರು ಅಂಟಿಕೊಂಡಿರುವುದು ಲಾಂಛನಕ್ಕೆ, ಗಳಿಸಿದ್ದು ಮಾತ್ರ ಯಾವುದೋ ಒಂದು ಇಂಜಿನ್ನು. ಈ ವ್ಯತ್ಯಾಸ ಕಾಣುವುದು ಕಂಪನಿ ಹೊಸದಕ್ಕೆ ಕೈಹಾಕಿದಾಗ. ತನ್ನ ದೊಡ್ಡ ಪಿಕಪ್ ಟಂಡ್ರಾದ ಹಳೆಯ ವಿ8 ಇಂಜಿನ್ ತೆಗೆದು ಟೊಯೋಟಾ ಹೊಸ ಟರ್ಬೊ ವಿ6 ಇಟ್ಟಿತು. 2024ರಲ್ಲಿ, ಇಂಜಿನ್ನೊಳಗೆ ತಯಾರಿಕೆಯ ಲೋಹದ ಪುಡಿ ಉಳಿದಿರಬಹುದೆಂದು ಲಕ್ಷಕ್ಕೂ ಹೆಚ್ಚು ವಾಹನಗಳನ್ನು ವಾಪಸ್ ಕರೆಯಬೇಕಾಯಿತು. ಅದರ ಎಲೆಕ್ಟ್ರಿಕ್ ಕಾರು ಬಿಝಡ್4ಎಕ್ಸ್ 2022ರಲ್ಲಿ ರಸ್ತೆಗಿಳಿದ ಕೆಲವೇ ವಾರಗಳಲ್ಲಿ ಚಕ್ರದ ಬೋಲ್ಟು ಸಡಿಲಾಗುವ ದೋಷ ಕಂಡಿತು. ಚಕ್ರ ಕಳಚಿ ಬೀಳಬಹುದಾದ ಟೊಯೋಟಾ! ನಗುವವರು ನಕ್ಕರು. ಮರುವರ್ಷ ಡಿಸೆಂಬರಿನಲ್ಲಿ ಅದರ ಅಂಗಸಂಸ್ಥೆ ದೈಹಾತ್ಸು ಸುರಕ್ಷತಾ ಪರೀಕ್ಷೆಗಳಲ್ಲಿ 1989ರಷ್ಟು ಹಿಂದಿನಿಂದ ಅಕ್ರಮ ನಡೆಸಿದ್ದು, 64 ಮಾದರಿಗಳು ಅದರಲ್ಲಿ ಸೇರಿದ್ದು ಹೊರಬಂತು. 2024ರ ಜನವರಿಯಲ್ಲಿ ಬಿಸಿ ಬಿಡದಿಗೂ ತಟ್ಟಿತು. ಡೀಸೆಲ್ ಇಂಜಿನ್ನುಗಳ ಶಕ್ತಿ ಅಳೆಯುವ ಪರೀಕ್ಷೆಯಲ್ಲಿ, ಅಂಕಿಗಳು ಏರುಪೇರಿಲ್ಲದೆ ಕಾಣಲೆಂದು ಮಾರಾಟದ ಗಾಡಿಯಲ್ಲಿರುವುದಕ್ಕಿಂತ ಬೇರೆ ತಂತ್ರಾಂಶ ಬಳಸಿದ್ದು ಜಪಾನಿನಲ್ಲಿ ಪತ್ತೆಯಾಗಿ, ಇಲ್ಲಿ ಕ್ರಿಸ್ಟಾ, ಫಾರ್ಚುನರ್, ಹೈಲಕ್ಸ್ ಗಾಡಿಗಳನ್ನು ಡೀಲರುಗಳಿಗೆ ಕಳಿಸುವುದನ್ನು ಕೆಲದಿನ ನಿಲ್ಲಿಸಿದರು. ಆದರೂ ಆ ವರ್ಷ ಭಾರತದಲ್ಲಿ ಅದರ ಮಾರಾಟ 3 ಲಕ್ಷ ದಾಟಿತು.

ನಮ್ಮಲ್ಲಿ ಕಲ್ಲು ಕಡಿದವನ ಪಾಡೇನು? ಅಮೆರಿಕದಲ್ಲಿ ಇಂಥ ಕಾರನ್ನು ‘ನಿಂಬೆಹಣ್ಣು’ ಎನ್ನುತ್ತಾರೆ. (ನಮ್ಮಲ್ಲಿ ಹೊಸ ಕಾರಿನ ನಾಲ್ಕು ಚಕ್ರದಡಿ ನಿಂಬೆಹಣ್ಣಿಟ್ಟು ಹೊರಡುತ್ತೇವೆ; ಅವರಲ್ಲಿ ಕಾರೇ ನಿಂಬೆಹಣ್ಣು.) 1982ರಲ್ಲಿ ಕನೆಕ್ಟಿಕಟ್ ರಾಜ್ಯ ದಾರಿ ತೋರಿ, ಆಮೇಲೆ ಎಲ್ಲ ರಾಜ್ಯಗಳೂ ಕಾನೂನು ಮಾಡಿದವು. ಸ್ಥೂಲವಾಗಿ ಹೇಳುವುದಾದರೆ ಒಂದೇ ದೋಷಕ್ಕೆ ನಾಲ್ಕು ಸಲ ರಿಪೇರಿ ಮಾಡಿದರೂ ಸರಿಹೋಗದಿದ್ದರೆ, ಅಥವಾ ಒಟ್ಟು 30 ದಿನ ಗಾಡಿ ಗ್ಯಾರೇಜಿನಲ್ಲೇ ಇದ್ದರೆ, ಕಂಪನಿ ಬೇರೆ ಕಾರು ಕೊಡಬೇಕು ಇಲ್ಲವೇ ದುಡ್ಡು ವಾಪಸ್ ಮಾಡಬೇಕು. ಯಾರು ಹೇಗೆ ಓಡಿಸಿದರು ಎಂಬ ಪಂಚಾಯಿತಿಗಿಂತ ಎಣಿಕೆಗೆ ಅಲ್ಲಿ ಬೆಲೆ.

ನಮಗೆ ಅಂಥ ಕಾನೂನಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಿದೆ, ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗೆ ಇದ್ದರೆ ಜಿಲ್ಲಾ ಆಯೋಗಕ್ಕೇ ಹೋಗಬಹುದು, ಎರಡು ವರ್ಷದೊಳಗೆ ಹೋಗಬೇಕು. ಆದರೆ ತಯಾರಿಕಾ ದೋಷ ಎಂದು ತೋರಿಸುವ ಹೊರೆ ಹೆಚ್ಚುಕಡಿಮೆ ಮಾಲೀಕನ ತಲೆಯ ಮೇಲೇ ಬೀಳುತ್ತದೆ. ಅದಕ್ಕೆ ಪರಿಣತರ ವರದಿ ಬೇಕು. ದೋಷದ ಭಾಗ ಬದಲಿಸಿಕೊಟ್ಟರೆ ಸಾಕು, ವಾರಂಟಿಯಲ್ಲಿ ಬರೆದದ್ದನ್ನು ಮೀರಿ ಇಡೀ ಕಾರು ಬದಲಿಸಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2006ರ ಒಂದು ಪ್ರಕರಣದಲ್ಲಿ ಹೇಳಿದ್ದನ್ನು ಕಂಪನಿಗಳ ವಕೀಲರು ಬಾಯಿಪಾಠ ಮಾಡಿಕೊಂಡಿದ್ದಾರೆ. 2021ರ ಏಪ್ರಿಲ್‌ನಿಂದ, ಮಾಲೀಕರ ದೂರುಗಳು ಒಂದು ಮಿತಿ ದಾಟಿದರೆ ಏಳು ವರ್ಷದೊಳಗಿನ ವಾಹನಗಳನ್ನು ಕಡ್ಡಾಯವಾಗಿ ವಾಪಸ್ ಕರೆಸುವ ಅಧಿಕಾರ ಸರ್ಕಾರಕ್ಕೆ ಬಂದಿದೆ, ಆದರೆ ಅದು ಸುರಕ್ಷೆಗೆ ಸಂಬಂಧಿಸಿದ ದೋಷಕ್ಕೆ. ಮೂರನೇ ಗೇರ್ ಕಿರ್ರೆನ್ನುವುದಕ್ಕೆ ಅಲ್ಲ.

ಹಾಗಾಗಿ ಉಳಿಯುವುದು ಕಾಗದ. ಸರ್ವಿಸ್ ಸೆಂಟರಿನಲ್ಲಿ ‘ಜನರಲ್ ಚೆಕಪ್’ ಎಂದು ಬರೆದ ಜಾಬ್ ಕಾರ್ಡಿಗೆ ಸಹಿ ಹಾಕಬೇಡಿ. ನೀವು ಹೇಳಿದ ದೂರು ನೀವು ಹೇಳಿದ ಮಾತಿನಲ್ಲೇ ಅಲ್ಲಿ ಇರಲಿ, ಗಾಡಿ ಒಳಗೆ ಬಿಟ್ಟ ದಿನ, ಹೊರಗೆ ತಂದ ದಿನ, ಮೀಟರಿನ ಕಿಲೋಮೀಟರ್ ಎಲ್ಲ ಇರಲಿ. ನನ್ನ ಷಡ್ಡಕ ಇದನ್ನೆಲ್ಲ ಅಚ್ಚುಕಟ್ಟಾಗಿ ಮಾಡಿದ್ದ. ಬ್ಯಾಂಕಿನ ಕೆಲಸದವನು. ದಿನಾಂಕದ ಕ್ರಮದಲ್ಲಿ ಜೋಡಿಸಿದ ಕೆಂಪು ಫೈಲು. ಆದರೂ ಆಯೋಗಕ್ಕೆ ಹೋಗಲಿಲ್ಲ. ಮಗಳ ಹತ್ತನೇ ತರಗತಿ, ಅಮ್ಮನ ಮಂಡಿ ಆಪರೇಷನ್ನು. ವಕೀಲರ ಮನೆಗೆ ಅಲೆಯಲು ಯಾರಿಗೆ ಬಿಡುವು. ಹನ್ನೊಂದನೇ ಸಲ ಗ್ಯಾರೇಜಿಗೆ ಹೋಗಿ ಬಂದಮೇಲೆ ಮಾರಿಬಿಟ್ಟ.

ಮಾರಾಟದ ದಿನ ನಾನೂ ಇದ್ದೆ. ಕೊಳ್ಳಲು ಬಂದವರು ತಿಪಟೂರು ಕಡೆಯ ಕೊಬ್ಬರಿ ವ್ಯಾಪಾರಿ. ಷಡ್ಡಕ ಪಾಪಭೀರು, ಕೆಂಪು ಫೈಲನ್ನು ಅವರ ಕೈಗೇ ಇಟ್ಟ: “ಯಜಮಾನ್ರೇ, ಗೇರ್‌ಬಾಕ್ಸ್ ತೊಂದ್ರೆ ಇದೆ. ಎಲ್ಲ ಇದ್ರಲ್ಲಿದೆ, ಒಂದ್ಸಲ ನೋಡಿಬಿಡಿ.” ಅವರು ಬಾನೆಟ್ಟಿನ ಮೇಲಿನ ಲಾಂಛನವನ್ನು ಅಂಗೈಯಿಂದ ಒರೆಸಿ ನಕ್ಕರು. “ಈ ಕಂಪನಿ ಗಾಡೀಲಿ ಗೇರ್‌ಬಾಕ್ಸ್ ತೊಂದ್ರೆನಾ? ನಿಮಗೆ ಓಡ್ಸೋಕೆ ಬಂದಿಲ್ಲ ಬಿಡಿ ಸಾಮಿ.” ಕೇಳಿದ್ದಕ್ಕಿಂತ ಹತ್ತು ಸಾವಿರ ಮಾತ್ರ ಕಡಿಮೆ ಮಾಡಿ ದುಡ್ಡು ಎಣಿಸಿದರು. ಫೈಲನ್ನು ಬಿಚ್ಚದೆ ಡಿಕ್ಕಿಯಲ್ಲಿ ಸ್ಟೆಪ್ನಿಯ ಮೇಲೆ ಒಗೆದು, ಗಾಡಿ ತೆಗೆದುಕೊಂಡು ಹೊರಟರು. ಬೀದಿಯ ತಿರುವಿನಲ್ಲಿ ಮೂರನೇ ಗೇರಿಗೆ ಹಾಕಿರಬೇಕು, ನಮಗಿಬ್ಬರಿಗೂ ಕೇಳಿಸಿತು.